ಮೂವತ್ತಾಗುವ ಮುಂಚೆ ಅರ್ಜಿ ಹಾಕಿ

ಕಥೆ ಬರೆಯುವವರಿಗೆ, ಫೋಟೊ ತೆಗೆಯುವವರಿಗೆ ದುಡ್ಡು ಕೊಡುವವರು ಯಾರೂ ಇಲ್ಲ ಅಂತ ಗೊಣಗುವುದು ನಮ್ಮಲ್ಲಿ ರೂಢಿ. ಇದ್ದಾರೆ. ಜಾಸ್ತಿ ಇಲ್ಲ, ಆದರೆ ಇದ್ದಾರೆ. ತೊಂದರೆ ಏನೆಂದರೆ, ಇಂಥ ಅವಕಾಶಗಳಲ್ಲಿ ಹಲವಕ್ಕೆ ವಯಸ್ಸಿನ ಮಿತಿ ಇದೆ, ಅವು ನಮ್ಮ ಕಣ್ಣಿಗೆ ಬೀಳುವುದು ಆ ವಯಸ್ಸು ದಾಟಿದ ಮೇಲೆ. ಹಾಗಾಗಿ ಯಾವ ಸ್ಪರ್ಧೆ ದೊಡ್ಡದು ಅಂತ ಹುಡುಕುತ್ತಾ ಕೂರಬೇಡಿ. ಯಾವುದು ನಿಮಗೆ ಬೇಗ ಕೈತಪ್ಪುತ್ತದೆ ಅಂತ ನೋಡಿ ಅಲ್ಲಿಂದ ಶುರು ಮಾಡಿ.

ಹಂತ 1: ಹುಟ್ಟಿದ ತಾರೀಖು ಮುಂದಿಟ್ಟುಕೊಳ್ಳಿ

ಮನೆಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಮಕ್ಕಳಿದ್ದರೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ 'ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯನ್ನು ನೋಡಿ. 17 ವರ್ಷದವರೆಗಿನವರಿಗೆ ಪ್ರವೇಶ ಶುಲ್ಕ ಇಲ್ಲ. 2021ರಲ್ಲಿ ಇಲ್ಲಿ ಕಿರಿಯರ ವಿಭಾಗದ ದೊಡ್ಡ ಪ್ರಶಸ್ತಿ ಗೆದ್ದವನು ಬೆಂಗಳೂರಿನ 10 ವರ್ಷದ ಹುಡುಗ ವಿದ್ಯುನ್ ಹೆಬ್ಬಾರ್. ಆ ಚಿತ್ರಕ್ಕಾಗಿ ಅವನು ಕಬಿನಿಗೋ ಬಂಡೀಪುರಕ್ಕೋ ಹೋಗಿರಲಿಲ್ಲ. ಗೋಡೆಯ ಸಂದಿನಲ್ಲಿ ಬಲೆ ಕಟ್ಟಿ ಕೂತಿದ್ದ ಒಂದು ಜೇಡ, ಹಿಂದೆ ಹಾದುಹೋದ ಆಟೊದ ಬಣ್ಣಗಳೇ ಹಿನ್ನೆಲೆ, ಅಷ್ಟೇ. ಹುಲಿ ಕಂಡರೆ ಮಾತ್ರ ಫೋಟೊ ಅನ್ನುವವರು ಆ ಚಿತ್ರವನ್ನು ಒಮ್ಮೆ ಹುಡುಕಿ ನೋಡಬೇಕು.

18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಸಂಗೀತ, ನೃತ್ಯಕ್ಕೆ ಮಾತ್ರ ಅಂದುಕೊಂಡು ಬಿಟ್ಟವರೇ ಜಾಸ್ತಿ. ದೃಶ್ಯಕಲೆಯ ವಿಭಾಗದಲ್ಲಿ ಸೃಜನಶೀಲ ಫೋಟೊಗ್ರಫಿಯೂ ಸೇರಿದೆ. ಆದರೆ ಗುರುವಿನ ಬಳಿ ಅಥವಾ ಸಂಸ್ಥೆಯಲ್ಲಿ ಕನಿಷ್ಠ 5 ವರ್ಷ ಕಲಿತಿರಬೇಕು ಅನ್ನುವ ಷರತ್ತಿದೆ. ಯೂಟ್ಯೂಬ್ ನೋಡಿ ಕಲಿತೆ ಅಂದರೆ ನಡೆಯುವುದಿಲ್ಲ.

30ರೊಳಗಿನ ಕನ್ನಡದ ಹುಡುಗ ಹುಡುಗಿಯರು ತಪ್ಪಿಸಿಕೊಳ್ಳಬಾರದ್ದು ಟೋಟೊ ಪುರಸ್ಕಾರ. ಬೆಂಗಳೂರಿನ 'ಟೋಟೊ ಫಂಡ್ಸ್ ದಿ ಆರ್ಟ್ಸ್' 2004ರಲ್ಲಿ ಶುರುವಾದ ಸಂಸ್ಥೆ. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಆಂಗೀರಸ್ 'ಟೋಟೊ' ವೆಲ್ಲಾನಿಯ ನೆನಪಿಗೆ ಕಟ್ಟಿದ್ದು. ಇಲ್ಲಿ ಕನ್ನಡದ ಸೃಜನಶೀಲ ಬರವಣಿಗೆಗೆ ಪ್ರತ್ಯೇಕ ಬಹುಮಾನ, ಫೋಟೊಗ್ರಫಿಗೆ ಇನ್ನೊಂದು. ಪುಸ್ತಕ ಬಂದಿರಲೇಬೇಕು ಅಂತಿಲ್ಲ. ಅದಕ್ಕೇ ಹೊಸಬರಿಗೆ ಇದು ಒಳ್ಳೆಯ ಮೊದಲ ಹೆಜ್ಜೆ ಅನ್ನುವುದು ನನ್ನ ಎಣಿಕೆ.

30ರ ಗೆರೆಯೇ ಇರುವ ಇನ್ನೊಂದು, ಯುವ ಬರಹಗಾರರಿಂದ ಪುಸ್ತಕ ಬರೆಸುವ ಪಿಎಂ-ಯುವ ಯೋಜನೆ. ಕೇಂದ್ರ ಸರ್ಕಾರದ ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುತ್ತದೆ. ಆಯ್ಕೆಯಾದವರಿಗೆ ತಿಂಗಳಿಗೆ 50,000ದಂತೆ 6 ತಿಂಗಳು, ಒಟ್ಟು 3 ಲಕ್ಷ ರೂಪಾಯಿ. ಪುಸ್ತಕ ಬಂದ ಮೇಲೆ ಶೇ 10 ರಾಯಧನ. ಕನ್ನಡದಲ್ಲೇ ಬರೆಯಬಹುದು. ಆದರೆ ಪ್ರತಿ ವರ್ಷ ಬರುವುದಿಲ್ಲ. 2021, 2022, 2025, ಹೀಗೆ ಬಿಟ್ಟು ಬಿಟ್ಟು ಕರೆದಿದ್ದಾರೆ. ವಿಷಯವನ್ನೂ ಅವರೇ ಕೊಡುತ್ತಾರೆ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35ರ ಮಿತಿ, ಬಹುಮಾನ 50,000 ರೂಪಾಯಿ. ಇದಕ್ಕೆ ಪುಸ್ತಕ ಆಗಲೇ ಅಚ್ಚಾಗಿರಬೇಕು. 34ರಲ್ಲಿ ಹಸ್ತಪ್ರತಿ ತಿದ್ದುತ್ತಾ ಕೂತರೆ ಕಷ್ಟ, ಅಲ್ವಾ?

ಹಂತ 2: ಬಹುಮಾನವೋ ಅನುದಾನವೋ ತೀರ್ಮಾನಿಸಿ

ಮಾಡಿ ಮುಗಿಸಿದ ಕೆಲಸಕ್ಕೆ ಬಹುಮಾನ, ಮುಂದೆ ಮಾಡುವ ಕೆಲಸಕ್ಕೆ ಅನುದಾನ. ಎರಡಕ್ಕೂ ಒಂದೇ ಥರದ ಅರ್ಜಿ ಬರೆದರೆ ಎರಡೂ ಸಿಗುವುದಿಲ್ಲ.

ಬಹುಮಾನದ ದಾರಿ ಸುಲಭ. ಪ್ರಜಾವಾಣಿಯ ದೀಪಾವಳಿ ಕಥಾ ಸ್ಪರ್ಧೆ, ಬುಕ್ ಬ್ರಹ್ಮ ಜಾಲತಾಣದ ಸ್ವಾತಂತ್ರ್ಯೋತ್ಸವ ಕಥಾ ಸ್ಪರ್ಧೆ ನಿಮಗೆ ಗೊತ್ತೇ ಇವೆ. ಒಂದು ಸಂಕಲನಕ್ಕೆ ಆಗುವಷ್ಟು ಕಥೆ ಇದ್ದು, ಇನ್ನೂ ಕಥಾಸಂಕಲನ ಬಂದಿಲ್ಲದಿದ್ದರೆ ಕಥೆಗಾರ ವಸುಧೇಂದ್ರ ಅವರ 'ಛಂದ ಪುಸ್ತಕ' ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ ಇದೆ. ಗೆದ್ದರೆ ಪುಸ್ತಕವೇ ಬರುತ್ತದೆ. ಚೊಚ್ಚಲ ಕೃತಿ ಅಚ್ಚು ಮಾಡಿಸಲು ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೂ ಅರ್ಜಿ ಹಾಕಬಹುದು. ಫೋಟೊದವರಿಗೆ ಸೋನಿ ವಿಶ್ವ ಫೋಟೊಗ್ರಫಿ ಪ್ರಶಸ್ತಿ ಇದೆ. ಪ್ರವೇಶ ಉಚಿತ, ವಿದ್ಯಾರ್ಥಿಗಳಿಗೂ ಕಿರಿಯರಿಗೂ ಬೇರೆ ವಿಭಾಗ ಇದೆ.

ಅನುದಾನದ ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆಗೆ ಹಣ ಕೊಡುತ್ತಾ ಬಂದಿದೆ. ಇಲ್ಲಿಗೆ ಪ್ರಸ್ತಾವವನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಇಂಗ್ಲಿಷ್ ಬರದು ಅಂತ ಹಿಂಜರಿಯಬೇಕಿಲ್ಲ. ಹೊಸಬರ ಪ್ರಸ್ತಾವಗಳು ಎಡವುವುದು ಮೊದಲ ಸಾಲಿನಲ್ಲೇ. 'ಅಳಿವಿನಂಚಿನಲ್ಲಿರುವ ನಮ್ಮ ನೇಕಾರಿಕೆ ಪರಂಪರೆಯನ್ನು ಕ್ಯಾಮೆರಾದಲ್ಲಿ ದಾಖಲಿಸುವುದು ನನ್ನ ಉದ್ದೇಶ.' ಇದನ್ನು ಯಾರು ಬೇಕಾದರೂ, ಯಾವ ಊರಿನ ಬಗ್ಗೆ ಬೇಕಾದರೂ ಬರೆಯಬಹುದು. ಅದೇ ಕೆಲಸವನ್ನು ಹೀಗೆ ಹೇಳಿ ನೋಡಿ: 'ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೈಯಿಂದ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೆಲಸ ಮಾಡುವ ನಾಲ್ಕು ಮನೆಗಳ ಒಳಗೆ, ಒಂದು ಸೀರೆ ಮಗ್ಗ ಏರಿ ಇಳಿಯುವವರೆಗೆ, ಕೈಗಳ ಚಿತ್ರ ಮಾತ್ರ ತೆಗೆಯುತ್ತೇನೆ. ಮುಖ ಇರುವುದಿಲ್ಲ.' ಈಗ ಓದುವವರಿಗೆ ಒಂದು ಪ್ರಶ್ನೆ ಏಳುತ್ತದೆ: ಮುಖ ಯಾಕೆ ಬೇಡ? ಎರಡನೇ ಪ್ಯಾರಾದಲ್ಲಿ ಅದಕ್ಕೆ ಉತ್ತರ ಕೊಡಿ.

ಬಜೆಟ್ಟನ್ನೂ ಹಾಗೇ ಬಿಡಿಸಿ ಬರೆಯಿರಿ. 'ಪ್ರಯಾಣ ಮತ್ತು ಇತರೆ' ಅಂತ ಒಂದೇ ಮೊತ್ತ ಹಾಕಬೇಡಿ. ಬಸ್ಸಿನ ಚಾರ್ಜು, ಉಳಿದುಕೊಳ್ಳುವ ಖರ್ಚು, ಪ್ರಿಂಟು, ನಿಮ್ಮ ಸಂಭಾವನೆ, ಒಂದೊಂದಕ್ಕೂ ಒಂದೊಂದು ಸಾಲು. ನಿಮ್ಮ ಸಂಭಾವನೆ ಹಾಕಲು ನಾಚಿಕೆ ಬೇಡ, ನಿಯಮದಲ್ಲಿ ಬೇಡ ಅಂದಿದ್ದರೆ ಮಾತ್ರ ಬಿಡಿ.

ಪಿಎಂ-ಯುವದಲ್ಲೂ ಕೇಳುವುದು ಇಂಥದ್ದೇ ಪ್ರಸ್ತಾವ. 2025ರ ಸುತ್ತಿನಲ್ಲಿ ಒಟ್ಟು 10,000 ಪದ ಮಿತಿ ಇಟ್ಟು ಸಾರಾಂಶ, ಅಧ್ಯಾಯಗಳ ಯೋಜನೆ, ಮಾದರಿ ಅಧ್ಯಾಯಗಳು ಮತ್ತು ಆಧಾರಗಳ ಪಟ್ಟಿ ಕೇಳಿದ್ದರು. ಪ್ರಕಟಣೆ ಬಂದ ಮೇಲೆ ಹೊಸದಾಗಿ ಕೂತು ಬರೆದು ಮುಗಿಸುವ ಅಳತೆಯಲ್ಲ ಇದು. ನಿಮ್ಮ ಊರಿನ ಒಬ್ಬ ವ್ಯಕ್ತಿಯ, ಒಂದು ಚಳವಳಿಯ ಬಗ್ಗೆ ಈಗಲೇ ಟಿಪ್ಪಣಿ ಕೂಡಿಸಿಟ್ಟರೆ, ವಿಷಯ ಪ್ರಕಟವಾದಾಗ ಹೊಂದಿಸಿಕೊಳ್ಳಬಹುದು.

ಹಂತ 3: ಫೈಲು ಸರಿ ಮಾಡಿ

ಕಥೆ ಚೆನ್ನಾಗಿದ್ದೂ ಓದಿಸಿಕೊಳ್ಳದೇ ಹೋಗುವುದು ಇಲ್ಲಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿಹ್ನೆಗಳ ರಾಶಿ ಕಾಣುತ್ತದೆ, ಕನ್ನಡ ಅಲ್ಲ. ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಸುಮ್ನೆ ಕಳಿಸಬೇಡಿ, ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು, ಒತ್ತಕ್ಷರ ಇರುವ ಪದಗಳ ಮೇಲೆ ಜಾಸ್ತಿ ಕಣ್ಣಿಡಿ. ಪಿಡಿಎಫ್ ಕೇಳಿದ್ದರೆ ಅದನ್ನು ನಿಮ್ಮ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಕಥೆಯ ಪುಟಗಳಲ್ಲಿ ಹೆಸರು ಇರಬಾರದು ಅಂದಿದ್ದರೆ ಫೈಲಿನ ಹೆಸರಲ್ಲೂ ಇರಬಾರದು.

ಫೋಟೊದವರು ವಾಟ್ಸ್ಆ್ಯಪಿನಲ್ಲಿ ಓಡಾಡಿದ ಚಿತ್ರವನ್ನು ಕಳಿಸಲೇಬೇಡಿ, ಅದರ ಗುಣಮಟ್ಟ ಆಗಲೇ ಕುಸಿದಿರುತ್ತದೆ. ವಾಟರ್‌ಮಾರ್ಕ್ ತೆಗೆಯಿರಿ. ರಾ ಫೈಲನ್ನು, ಅಂದರೆ ಕ್ಯಾಮೆರಾದಿಂದ ನೇರ ಬಂದ ತಿದ್ದದ ಫೈಲನ್ನು, ಅಳಿಸಬೇಡಿ. ಕೊನೆಯ ಸುತ್ತಿಗೆ ಬಂದವರಿಂದ ಮೂಲ ಫೈಲು ಕೇಳುವ ಸ್ಪರ್ಧೆಗಳಿವೆ, ಕೊಡಲಾಗದಿದ್ದರೆ ಹೊರಗೆ. ಚಿತ್ರಸರಣಿ ಕೇಳಿದ್ದಲ್ಲಿ ನಿಮ್ಮ ಅತ್ಯುತ್ತಮ ಹತ್ತು ಫೋಟೊಗಳನ್ನು ಪೋಣಿಸಿದರೆ ಸರಣಿ ಆಗುವುದಿಲ್ಲ. ಒಂದನ್ನು ತೆಗೆದರೆ ಕಥೆ ಕುಂಟಬೇಕು, ಹಾಗಿರಬೇಕು.

'ಅಪ್ರಕಟಿತ' ಅಂದರೆ ಎಲ್ಲೂ ಬಂದಿರಬಾರದು. ಫೇಸ್‌ಬುಕ್, ಬ್ಲಾಗು ಕೂಡ ಪ್ರಕಟಣೆಯೇ ಅಂತ ಲೆಕ್ಕ ಹಾಕುವವರಿದ್ದಾರೆ. ಸ್ಪರ್ಧೆಗೆ ಎತ್ತಿಟ್ಟ ಕಥೆಯನ್ನು ಲೈಕಿಗಾಗಿ ಖರ್ಚು ಮಾಡಬೇಡಿ.

ಹಂತ 4: ಶುಲ್ಕ, ಹಕ್ಕು ನೋಡಿ

ಶುಲ್ಕ ಇದ್ದಮಾತ್ರಕ್ಕೆ ಮೋಸ ಅಂತಲ್ಲ. ಫೋಟೊ ಸಲಾನ್‌ಗಳು, ಅಂದರೆ ಫೋಟೊ ಕ್ಲಬ್ಬುಗಳ ಸ್ಪರ್ಧೆ-ಪ್ರದರ್ಶನಗಳು, ನಡೆಯುವುದೇ ಶುಲ್ಕದಿಂದ. ನಮ್ಮಲ್ಲಿ ಅದಕ್ಕೆ ಗಟ್ಟಿ ಪರಂಪರೆಯೂ ಇದೆ, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರದ್ದು. ಕಣ್ಣು ಪಳಗಲು ಸಲಾನ್ ಒಳ್ಳೆಯದು. ಆದರೆ ಹೆಸರಿನ ಮುಂದೆ ಬಿರುದಿನ ನಾಲ್ಕು ಅಕ್ಷರ ಸೇರಿಸಿಕೊಳ್ಳಲು ಸಾವಿರಗಟ್ಟಲೆ ಸುರಿಯುವುದು ಬೇರೆ ಮಾತು. ಬಹುಮಾನದ ಮೊತ್ತ ಹೇಳದೆ, ತೀರ್ಪುಗಾರರ ಹೆಸರು ಹೇಳದೆ, 'ಆಯ್ಕೆಯಾದ ಕವಿತೆಗಳ ಸಂಕಲನವನ್ನು ನೀವೇ ಕೊಳ್ಳಬೇಕು' ಅನ್ನುವವರಿಂದ ದೂರ ಇರಿ.

ಹಕ್ಕಿನ ಬಗ್ಗೆ ಒಂದೇ ಪರೀಕ್ಷೆ ಸಾಕು. ಗೆದ್ದವರ ಕೃತಿ ಮಾತ್ರ ಬಳಸುತ್ತಾರಾ, ಕಳಿಸಿದ ಎಲ್ಲರದ್ದೂ ಬಳಸುತ್ತಾರಾ? ಎಲ್ಲರದ್ದೂ ಅಂದರೆ ಅದು ಪುಕ್ಕಟೆ ಫೋಟೊ ಸಂಗ್ರಹ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳಕ್ಕೋ ದುಡ್ಡು ಕೊಟ್ಟವರಿಗೋ ಮಾಡಿಕೊಟ್ಟ ಕೆಲಸ ಅಲ್ಲದಿದ್ದರೆ ಬರೆದವರಿಗೆ, ಚಿತ್ರ ತೆಗೆದವರಿಗೆ ಹಕ್ಕು ತಾನಾಗಿಯೇ ಬರುತ್ತದೆ, ನೋಂದಣಿ ಕಡ್ಡಾಯ ಅಲ್ಲ. ಹಕ್ಕು ವರ್ಗಾವಣೆಗೆ ಬರಹದ ಒಪ್ಪಂದ ಬೇಕು. ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ 5 ವರ್ಷ ಅಂತ ಲೆಕ್ಕ. 'ಶಾಶ್ವತವಾಗಿ' ಅಂತ ಇದ್ದರೆ ಸಹಿ ಹಾಕುವ ಮುಂಚೆ ಪ್ರಶ್ನಿಸಿ.

ಹಂತ 5: ಕಳಿಸಿ, ಬರೆದಿಡಿ

ಕೊನೆಯ ದಿನದ ರಾತ್ರಿ ಅಪ್‌ಲೋಡ್ ಪುಟ ತಿರುಗುತ್ತಲೇ ಇರುತ್ತದೆ. ಎರಡು ದಿನ ಮೊದಲೇ ಕಳಿಸಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಯಾವ ಕಥೆ ಎಲ್ಲಿಗೆ, ಯಾವತ್ತು ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಕಥೆ ಎರಡು ಸ್ಪರ್ಧೆಯಲ್ಲಿ ಗೆದ್ದರೆ ಮುಜುಗರ ನಿಮಗೇ. ನಿಯಮ, ತಾರೀಖು ವರ್ಷವರ್ಷಕ್ಕೆ ಬದಲಾಗುತ್ತವೆ, ಹಾಗಾಗಿ ಸಂಸ್ಥೆಯ ಸ್ವಂತ ಜಾಲತಾಣವನ್ನೇ ನೋಡಿ. ಗ್ರೂಪಿನಲ್ಲಿ ಬಂದ ಪೋಸ್ಟರ್ ಹೋದ ವರ್ಷದ್ದಾಗಿರಬಹುದು.

ಕಾವ್ಯನಾಮದಲ್ಲಿ ಬರೆಯುವವರಿಗೆ ಒಂದು ಮಾತು. ಅರ್ಜಿಯಲ್ಲಿ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೂ ಬರೆಯಿರಿ. ಪಾಸ್‌ಬುಕ್ಕಿನಲ್ಲಿ ಒಂದು, ಚೆಕ್ಕಿನಲ್ಲಿ ಇನ್ನೊಂದು ಹೆಸರಿದ್ದರೆ ಬಹುಮಾನ ಗೆದ್ದೂ ಬ್ಯಾಂಕಿಗೆ ಅಲೆಯಬೇಕಾಗುತ್ತದೆ.