ವೀಸಾ ಸಿಕ್ಕಿತು, ಇನ್ನೇನು ಬಾಕಿ? ಸಾಂಕ್ರಾಮಿಕದ ನಡುವೆ ವಿದೇಶಕ್ಕೆ ಹೊರಡುವವರಿಗೆ

ಪಾಸ್‌ಪೋರ್ಟ್ ಮೇಲೆ ವೀಸಾ ಬಿದ್ದ ಕೂಡಲೇ ಎಷ್ಟೋ ಜನ ನಿರಾಳವಾಗಿ ಬಿಡುತ್ತಾರೆ. ಕೋವಿಡ್ ದಿನಗಳಲ್ಲಿ ಹಾಗೆ ನಿರಾಳವಾದವರೇ ವಿಮಾನದ ಕೌಂಟರ್‌ನಿಂದ ಪೆಟ್ಟಿಗೆ ಸಮೇತ ವಾಪಸ್ ಬಂದದ್ದನ್ನು ನೋಡಿದ್ದೇನೆ. ಓದಲು ಹೊರಟವರು, ಕೆಲಸಕ್ಕೆ ಹೊರಟವರು, ಮಗಳ ಬಾಣಂತನಕ್ಕೆ ಹೊರಟ ವಯಸ್ಸಾದವರು. ಯಾರ ವೀಸಾದಲ್ಲೂ ತಪ್ಪಿರಲಿಲ್ಲ. ಎಡವಿದ್ದು ಉಳಿದ ಕಾಗದಗಳಲ್ಲಿ. ಅಂಥ ಕಾಲ ಮತ್ತೆ ಬಂದರೆ ಈ ಕ್ರಮದಲ್ಲಿ ಹೋಗಿ.

1. ವೀಸಾ ಬೇರೆ, ಒಳಗೆ ಬಿಡುವ ಅನುಮತಿ ಬೇರೆ. 2020ರಲ್ಲಿ ಥಾಯ್ಲೆಂಡ್‌ಗೆ ಹೋಗುವ ವಿದೇಶಿಯರಿಗೆ ವೀಸಾ ಒಂದೇ ಸಾಲುತ್ತಿರಲಿಲ್ಲ. ರಾಯಭಾರ ಕಚೇರಿಯಿಂದ ಪ್ರವೇಶ ಪತ್ರ ಬೇಕಿತ್ತು. ಅದು ಸಿಗಬೇಕಾದರೆ ಕ್ವಾರಂಟೈನ್ ಹೋಟೆಲಿನ ಬುಕಿಂಗ್ ಮತ್ತು ಒಂದು ಲಕ್ಷ ಡಾಲರ್ ವಿಮೆ ತೋರಿಸಬೇಕಿತ್ತು. ಒಂದು ಕಾಗದ ಇನ್ನೊಂದಕ್ಕೆ ಕಾಯುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದಿಟ್ಟುಕೊಂಡೇ ಶುರು ಮಾಡಿ. ನಿಯಮವನ್ನು ರಾಯಭಾರ ಕಚೇರಿಯ ಜಾಲತಾಣದಲ್ಲೇ ಓದಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿಯನ್ನು ನಂಬಲೇಬೇಡಿ, ಅದು ಹೋದ ತಿಂಗಳದ್ದಾಗಿರುತ್ತದೆ.

2. ಪಾಸ್‌ಪೋರ್ಟ್ ಅವಧಿ ನೋಡಿ. ಕನಿಷ್ಠ ಆರು ತಿಂಗಳು ಬಾಕಿ ಇರಲಿ. ಅಲ್ಲಿ ಹೆಚ್ಚು ದಿನ ಉಳಿಯುವವರು ಮೊದಲೇ ನವೀಕರಿಸುವುದು ಒಳ್ಳೆಯದು.

3. ವಿಮೆ. ಅಗ್ಗದ ಪಾಲಿಸಿಗಳ ಮೇಲೆ ನನಗೆ ಸಿಟ್ಟಿದೆ. ಮೊದಲ ಪುಟದಲ್ಲಿ ದೊಡ್ಡ ಮೊತ್ತ ಇರುತ್ತದೆ. ‘ಸಾಂಕ್ರಾಮಿಕ ರೋಗಕ್ಕೆ ಅನ್ವಯಿಸುವುದಿಲ್ಲ’ ಅನ್ನುವ ಸಾಲು ಎಲ್ಲೋ ಒಳಗೆ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಆ ಸಾಲನ್ನು ಹುಡುಕಿ ಓದಿ, ಆಮೇಲೆ ದುಡ್ಡು ಕಟ್ಟಿ. ಪಾಲಿಸಿ ಎಷ್ಟು ದಿನಕ್ಕೆ ಅನ್ನುವುದನ್ನೂ ನೋಡಿ. ರೋಗದ ಹೆಸರು ಮತ್ತು ಮೊತ್ತ ನಮೂದಿಸಿದ ಪತ್ರವನ್ನು ಕಂಪನಿಯಿಂದ ಕೇಳಿ ಪಡೆಯಿರಿ.

4. ಪರೀಕ್ಷೆ. ಜಾಸ್ತಿ ಜನ ಬೀಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

‘ಹೊರಡುವ ಮುಂಚಿನ 72 ಗಂಟೆಯೊಳಗಿನ ಪಿಸಿಆರ್ (ವೈರಸ್ ಇದೆಯೇ ಅಂತ ಲ್ಯಾಬ್‌ನಲ್ಲಿ ನೋಡುವ ಪರೀಕ್ಷೆ) ವರದಿ’ ಅಂತ ನಿಯಮ ಇದೆ ಅಂದುಕೊಳ್ಳಿ. ನಿಮ್ಮ ವಿಮಾನ 10ನೇ ತಾರೀಖು ಬೆಳಗಿನ ಜಾವ 2 ಗಂಟೆಗೆ. ನೀವು 6ರ ಸಂಜೆ 6ಕ್ಕೆ ಮೂಗಿನ ಸ್ಯಾಂಪಲ್ ಕೊಟ್ಟಿರಿ, ವರದಿ 7ರ ಮಧ್ಯಾಹ್ನ ಬಂತು. ವರದಿಯ ದಿನಾಂಕ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ, ಅಲ್ವಾ? ಆದರೆ ಗಂಟೆಯನ್ನು ಸಾಮಾನ್ಯವಾಗಿ ಎಣಿಸುವುದು ಸ್ಯಾಂಪಲ್ ಕೊಟ್ಟ ಹೊತ್ತಿನಿಂದ. ಅಲ್ಲಿಂದ ವಿಮಾನಕ್ಕೆ 80 ಗಂಟೆ. ನಿಮ್ಮನ್ನು ಹತ್ತಿಸುವುದಿಲ್ಲ.

ಅದಕ್ಕೇ ವಿಮಾನದ ಸಮಯದಿಂದ ಹಿಂದಕ್ಕೆ ಎಣಿಸಿ. ಹಾಗಂತ 72ನ್ನೇ ಮುಟ್ಟಲು ಹೋಗಬೇಡಿ. 7ರ ಬೆಳಿಗ್ಗೆ 8ಕ್ಕೆ ಕೊಟ್ಟರೆ 66 ಗಂಟೆ, ಸರಿ. ಆದರೆ ವಿಮಾನ 7 ಗಂಟೆ ತಡವಾದರೆ 73. ನನ್ನ ಮಾತು ಕೇಳುವುದಾದರೆ 40ರಿಂದ 48 ಗಂಟೆ ಮುಂಚೆ ಕೊಡಿ. ವರದಿ ತಡವಾದರೂ ಕೈಯಲ್ಲಿ ಸಮಯ ಇರುತ್ತದೆ, ವಿಮಾನ ತಡವಾದರೂ ಇರುತ್ತದೆ.

ಎಲ್ಲ ದೇಶವೂ ಗಂಟೆ ಲೆಕ್ಕ ಹಾಕುವುದಿಲ್ಲ. ಅಮೆರಿಕ 2021ರ ಜನವರಿಯಲ್ಲಿ ‘ಮೂರು ದಿನ’ ಅಂದಿತು. 10ರ ವಿಮಾನಕ್ಕೆ 7ರಂದು ಯಾವ ಹೊತ್ತಿಗೆ ಕೊಟ್ಟರೂ ನಡೆಯುತ್ತಿತ್ತು. ಅದೇ ಡಿಸೆಂಬರ್‌ನಲ್ಲಿ ಅದು ಒಂದೇ ದಿನಕ್ಕೆ ಇಳಿಯಿತು. ಹೊರಡುವ ವಾರದಲ್ಲಿ ನಿಯಮವನ್ನು ಮತ್ತೊಮ್ಮೆ ಓದಿ ಅನ್ನುವುದು ಇದಕ್ಕೇ.

ಲ್ಯಾಬ್ ಬಿಡುವ ಮುಂಚೆ ವರದಿಯಲ್ಲಿ ಈ ನಾಲ್ಕು ಸಂಗತಿ ಇರುತ್ತವೆಯೇ ಅಂತ ಕೇಳಿ: ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಸ್ಯಾಂಪಲ್ ಕೊಟ್ಟ ಸಮಯ. ಇನಿಷಿಯಲ್ ಬರೆದುಕೊಂಡು ಸುಮ್ನೆ ಬಿಡುವ ಲ್ಯಾಬ್‌ಗಳಿವೆ. ಲಸಿಕೆ ಪತ್ರದ ಹೆಸರನ್ನೂ ಹೀಗೇ ಹೋಲಿಸಿ ನೋಡಿ. ಹದಿನೈದು ನಿಮಿಷದ ಮನೆ ಕಿಟ್ ನಂಬಿ ಕೂರಬೇಡಿ. ದುಡ್ಡು ಕೊಟ್ಟರೆ ನೆಗೆಟಿವ್ ಬರೆದುಕೊಡುವವರ ಹತ್ತಿರ ಸುಳಿಯಲೂ ಬೇಡಿ. ಸಿಕ್ಕಿಬಿದ್ದರೆ ವೀಸಾನೂ ಹೋಗಬಹುದು. ಅದಕ್ಕಿಂತ ದೊಡ್ಡದು, ನಿಮ್ಮ ಪಕ್ಕ ಕೂತವರಿಗೂ ಒಂದು ಜೀವ ಇದೆ.

ಕಾಯಿಲೆ ವಾಸಿಯಾದವರಿಗೆ ಇನ್ನೊಂದು ತೊಡಕು. ಕೋವಿಡ್‌ನಲ್ಲಿ ಗುಣವಾಗಿ ವಾರಗಳಾದರೂ ಪಿಸಿಆರ್ ಪಾಸಿಟಿವ್ ಬರುತ್ತಿತ್ತು. ಅಂಥವರಿಗಾಗಿ ಅಮೆರಿಕ 90 ದಿನದೊಳಗಿನ ಪಾಸಿಟಿವ್ ವರದಿ ಮತ್ತು ವೈದ್ಯರ ಪತ್ರವನ್ನು ಒಪ್ಪಿತ್ತು. ನೀವು ಹೋಗುವ ದೇಶ ಒಪ್ಪುತ್ತದೆಯೇ ಅಂತ ಟಿಕೆಟ್ ತೆಗೆಯುವ ಮುಂಚೆಯೇ ನೋಡಿ.

5. ನಡುವೆ ವಿಮಾನ ಬದಲಿಸುವ ದೇಶಕ್ಕೂ ತನ್ನದೇ ನಿಯಮ ಇರುತ್ತದೆ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಲಿ. ಎರಡು ಬೇರೆ ಟಿಕೆಟ್ ತೆಗೆದು ದುಡ್ಡು ಉಳಿಸಲು ಹೋದರೆ ಪೆಟ್ಟಿಗೆ ತೆಗೆದುಕೊಳ್ಳಲು ನಡುವಿನ ದೇಶದೊಳಗೇ ಹೋಗಬೇಕಾಗಬಹುದು. ಗಡಿ ಮುಚ್ಚಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

6. ಎಲ್ಲ ಕಾಗದವನ್ನೂ ಮುದ್ರಿಸಿ ಕೈಚೀಲದಲ್ಲಿ ಇಡಿ. ಮೊಬೈಲ್ ಚಾರ್ಜ್ ಮುಗಿದರೆ ಏನು ತೋರಿಸುತ್ತೀರಿ?

7. ಇಳಿದ ಮೇಲೆ ದಿನದ ಲೆಕ್ಕ. ಕ್ವಾರಂಟೈನ್ ಕೋಣೆಯಲ್ಲಿ ಕಳೆದ 14 ದಿನವನ್ನೂ ನಿಮ್ಮ ವಾಸದ ಅವಧಿಯಲ್ಲೇ ಹಿಡಿಯಬಹುದು. ಥಾಯ್ಲೆಂಡ್ 2020ರ ಕೊನೆಯಲ್ಲಿ ವೀಸಾ ಇಲ್ಲದೆ ಬರುವವರ 30 ದಿನವನ್ನು 45ಕ್ಕೆ ಏರಿಸಿದ್ದು ಈ ಕಾರಣಕ್ಕೇ. ವೀಸಾದ ಮೇಲಿನ ಕೊನೆಯ ದಿನಾಂಕ ಎಷ್ಟೋ ಕಡೆ ಒಳಗೆ ಬರಲು ಇರುವ ಗಡುವು ಮಾತ್ರ. ಎಷ್ಟು ದಿನ ಇರಬಹುದು ಅನ್ನುವುದು ಇಮಿಗ್ರೇಷನ್‌ನವರು ಹಾಕುವ ಮುದ್ರೆಯಲ್ಲಿ ಇರುತ್ತದೆ. ಕೌಂಟರ್ ಬಿಡುವ ಮುಂಚೆ ಅದನ್ನು ಓದಿ. ತಪ್ಪಿದ್ದರೆ ಅಲ್ಲೇ, ಆಗಲೇ ಹೇಳಿ.