ಆರ್ಗನ್ ಮಾಡ್ಯೂಲ್ ಕೊಳ್ಳಲಿಲ್ಲ, ಮನೆಯಲ್ಲೇ ಕಟ್ಟಿಕೊಂಡೆ: ನನ್ನ ಅನುಭವ

ರಾಸ್ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಗ್ರ್ಯಾಂಡ್‌ಆರ್ಗ್ ಅನ್ನುವ ಪೈಪ್ ಆರ್ಗನ್ ಸಾಫ್ಟ್‌ವೇರ್ ಹಾಕಿ ಅದನ್ನೇ ಸೌಂಡ್ ಮಾಡ್ಯೂಲ್ (ಕೀಬೋರ್ಡ್ ಜೋಡಿಸಿದರೆ ಸದ್ದು ಕೊಡುವ ಡಬ್ಬಿ) ಮಾಡಿಕೊಳ್ಳುತ್ತೇನೆ ಅಂದಾಗ ನಮ್ಮ ಕ್ವಾಯರ್‌ನಲ್ಲಿ ಒಬ್ಬರೂ ನಂಬಲಿಲ್ಲ. "ಆ ಡಬ್ಬಿಯಲ್ಲಿ ಆರ್ಗನ್ ಬರ್ತದಾ ಮಾರಾಯ, ಸುಮ್ನೆ ಒಂದು ಒಳ್ಳೆ ಮಾಡ್ಯೂಲ್ ತಕೋ" ಅಂದರು ಮಾಸ್ಟ್ರು. ಈಗ ಒಂದು ವರ್ಷದ ಮೇಲಾಯ್ತು. ದಿನಾ ಅದರಲ್ಲೇ ನುಡಿಸುತ್ತೇನೆ. ಮಾಸ್ಟ್ರೂ ಆಗಾಗ ಬಂದು ಪೆಡಲ್ ಅಭ್ಯಾಸ ಮಾಡಿ ಹೋಗುತ್ತಾರೆ.

ನನಗೆ ಬೇಕಾಗಿದ್ದದ್ದು ಎರಡು ಮ್ಯಾನ್ಯುಯಲ್ (ಕೈಯಲ್ಲಿ ನುಡಿಸುವ ಕೀಲಿಸಾಲು) ಮತ್ತು ಕಾಲಲ್ಲಿ ನುಡಿಸುವ ಪೆಡಲ್, ಅಷ್ಟೇ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ನಮ್ಮ ಕನ್ನಡ ಗೀತೆಗಳಲ್ಲಿ ಎಷ್ಟೋ ಇವತ್ತಿಗೂ ಅವರು ತಂದ ಜರ್ಮನ್ ಕೋರಾಲ್ (ಚರ್ಚ್ ಗೀತೆ) ರಾಗದಲ್ಲೇ ಇವೆ, ನಾಲ್ಕು ಧ್ವನಿಯಲ್ಲಿ. ಬಾಸ್ ಸಾಲನ್ನು ಕಾಲಿಗೆ ಬಿಟ್ಟರೆ ಎಡಗೈಗೆ ಟೆನರ್ ಆರಾಮಾಗಿ ಸಿಗುತ್ತದೆ. ಆದರೆ ತುಳಿಯುವ ಹಳೇ ಆರ್ಗನ್‌ನಲ್ಲಿ ಕಾಲು ಗಾಳಿ ಹಾಕುವುದಕ್ಕೇ ಬೇಕಲ್ವಾ?

ಮೊದಲು ಕೊಂಡದ್ದು ಸೆಕೆಂಡ್ ಹ್ಯಾಂಡ್ ಜನರಲ್ ಮಿಡಿ ಮಾಡ್ಯೂಲ್, ಅಂದರೆ ಎಲ್ಲ ವಾದ್ಯಗಳ ಸದ್ದೂ ನಿಗದಿತ ನಂಬರಿನಲ್ಲಿ ಇರುವಂಥದ್ದು. ಅದರಲ್ಲಿ 20ನೇ ಟೋನ್ ಚರ್ಚ್ ಆರ್ಗನ್. ಕೇಳುವುದಕ್ಕೆ ಮೊದಲ ಐದು ನಿಮಿಷ ಚೆನ್ನಾಗಿಯೇ ಇತ್ತು. ಆದರೆ ನಿಜವಾದ ಆರ್ಗನ್‌ನ ಸ್ಟಾಪ್‌ಗಳ (ಒಂದೊಂದು ಬಗೆಯ ಪೈಪ್ ಸಾಲಿನ ಗುಂಡಿ) ಹಾಗೆ ಪ್ರಿನ್ಸಿಪಲ್ ಬೇರೆ, ಫ್ಲೂಟ್ ಬೇರೆ ಅಂತ ಎಳೆಯುವ ಹಾಗಿಲ್ಲ, ಎಲ್ಲ ಬೆರೆಸಿಟ್ಟ ಒಂದೇ ಸದ್ದು. ಮೂರು ಚಾನೆಲ್ ಒಟ್ಟಿಗೆ ಸೇರಿಸಿ ನೋಡಿದೆ. ಒಂದೊಂದು ಚಾನೆಲ್‌ನಲ್ಲೂ ಒಂದು ನೋಟ್ ಎರಡೆರಡು ವಾಯ್ಸ್ (ಏಕಕಾಲಕ್ಕೆ ಹೊರಡುವ ಸದ್ದು) ತಿನ್ನುತ್ತಿತ್ತು, ನಾಲ್ಕು ನೋಟ್ ಹಿಡಿದರೆ ಅದರಲ್ಲಿದ್ದ 24 ವಾಯ್ಸ್ ಅಲ್ಲಿಗೇ ಮುಗಿಯಿತು. ಮುಂದಿನ ಕಾರ್ಡಿಗೆ ಹೋಗುವಾಗ ಹಿಡಿದ ಬಾಸ್ ಪಟ್ಟಂತ ಕಟ್. ಗೀತೆಯ ನಡುವೆ ಬಾಸ್ ಹೋದರೆ ಏನು ಉಳಿಯಿತು?

ಆಮೇಲೆ ಹೊರದೇಶದಿಂದ ಹಳೇ ಚರ್ಚ್ ಆರ್ಗನ್ ಎಕ್ಸ್‌ಪಾಂಡರ್ (ಬರೀ ಆರ್ಗನ್ ಸದ್ದಿಗೆಂದೇ ಮಾಡಿದ ಮಾಡ್ಯೂಲ್) ಒಂದನ್ನು ತರಿಸಿದೆ. ಹೊಸದಕ್ಕೆ ಒಂದೂವರೆ ಲಕ್ಷದ ಹತ್ತಿರ ಹೇಳುತ್ತಿದ್ದರು, ಇದು 40 ಸಾವಿರದೊಳಗೆ, ಕಸ್ಟಮ್ಸ್ ಬೇರೆ. ಬಂದಾಗ ಡಿಸ್ಪ್ಲೇ ಸತ್ತಿತ್ತು, ಎಡಗಡೆಯ ಔಟ್‌ಪುಟ್‌ನಲ್ಲಿ ಗುಂಯ್ ಅನ್ನುವ ಹಮ್. ಮಾರಿದವನು ಅರ್ಧ ದುಡ್ಡು ವಾಪಸ್ ಕೊಟ್ಟ, ಕಸ್ಟಮ್ಸ್ ಕಟ್ಟಿದ್ದು ಹೋಯಿತು. ಎಲ್ಲ ಸೇರಿ 25 ಸಾವಿರದಷ್ಟು ನೀರಿಗೆ ಹಾಕಿದಂತೆ. ಅಲ್ಲಿಗೆ ಡಬ್ಬಿ ಕೊಳ್ಳುವ ಆಸೆ ಬಿಟ್ಟೆ.

8 ಜಿಬಿಯ ಪೈ 4 ಕೊಂಡಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಪಾಲಿಫನಿ, ಅಂದರೆ ಒಟ್ಟಿಗೆ ಹೊರಡಬಲ್ಲ ವಾಯ್ಸ್‌ಗಳ ಸಂಖ್ಯೆ, ಸಾಲುವುದಿಲ್ಲ ಅಂತ. ದೊಡ್ಡ ಕೆಥೆಡ್ರಲ್ ಸೆಟ್ (ಅಲ್ಲಿನ ಆರ್ಗನ್ ಪೈಪ್‌ಗಳನ್ನು ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್‌ಗಳು) ಹಾಕಿದರೆ ಅವರು ಹೇಳಿದ್ದು ನಿಜ. ಲೆಕ್ಕ ಹಾಕಿ ನೋಡಿ. ಹತ್ತು ಸ್ಟಾಪ್ ಎಳೆದು ಸೆಕೆಂಡಿಗೆ ಎಂಟು ನೋಟ್ ನುಡಿಸಿದರೆ ಸೆಕೆಂಡಿಗೆ 80 ಪೈಪ್ ಬಿಟ್ಟ ಹಾಗಾಯ್ತು. ಒಂದೊಂದರ ಬಾಲ, ಅಂದರೆ ಕೀ ಬಿಟ್ಟ ಮೇಲೂ ಉಳಿಯುವ ಗುಂಗು, ನಾಲ್ಕು ಸೆಕೆಂಡ್ ಇದ್ದರೆ ಬಾಲಕ್ಕೇ 320 ವಾಯ್ಸ್ ಬೇಕು, ಹಿಡಿದಿರುವ ನೋಟ್‌ಗಳ ಲೆಕ್ಕ ಇನ್ನೂ ಬಂದಿಲ್ಲ. ಅದೇ ಗುಂಗು ಕಡಿಮೆ ಇರುವ ಒಣ ಸೆಟ್‌ನಲ್ಲಿ ಬಾಲ ಅರ್ಧ ಸೆಕೆಂಡ್ ಅಂದರೆ 40 ಸಾಕು. ಹಾಗಾಗಿ ಚಿಕ್ಕ ಒಣ ಸೆಟ್ ಆರಿಸಿ, ಚರ್ಚಿನ ಗುಂಗನ್ನು ಹೊರಗೆ ಮಿಕ್ಸರ್‌ನ ಹಾಲ್ ಎಫೆಕ್ಟ್‌ನಿಂದ ಕೊಟ್ಟೆ. ಗ್ರ್ಯಾಂಡ್‌ಆರ್ಗ್‌ನೊಳಗೇ ಗುಂಗು ಕೊಡುವ ರಿವರ್ಬ್ ಇದೆ, ಆದರೆ ಅದು ಪೈಯನ್ನು ಹಿಂಡಿಬಿಡುತ್ತದೆ. ಸ್ವೀಡನ್‌ನ ಬುರೆಯೋ ಚರ್ಚಿನ ಸೆಟ್ ಸಿಗುತ್ತದೆ, ಲಾರ್ಸ್ ಪಾಲೊ ಮಾಡಿದ್ದು, ಉಚಿತ. ಶುರು ಮಾಡುವವರಿಗೆ ನಾನು ಅದನ್ನೇ ಹೇಳುವುದು. ಸ್ಟಾಪ್ ಎಷ್ಟಿವೆ ಅಂತ ನೋಡಬೇಡಿ. 8, 4, 2 ಅಡಿಯ (ಪೈಪ್ ಉದ್ದವಾದಷ್ಟೂ ಸ್ವರ ಕೆಳಗೆ) ಪ್ರಿನ್ಸಿಪಲ್, ಒಂದು ಮೃದುವಾದ ಫ್ಲೂಟ್, ಪೆಡಲ್‌ಗೆ 16 ಅಡಿಯ ಸುಬ್‌ಬಾಸ್ ಚೆನ್ನಾಗಿದ್ದರೆ ಗೀತೆಗಳಿಗೆ ಧಾರಾಳ.

ಸ್ಯಾಂಪಲ್ 16 ಬಿಟ್, ಪಾಲಿಫನಿ ಮಿತಿ 400ರ ಆಸುಪಾಸು, 48 ಕಿಲೋಹರ್ಟ್ಸ್, ಬಫರ್ (ಸದ್ದನ್ನು ಒಮ್ಮೆಗೆ ಕಳಿಸುವ ತುಂಡಿನ ಅಳತೆ) 128 ಸ್ಯಾಂಪಲ್. ಬಫರಿನ ಲೆಕ್ಕ 2.7 ಮಿಲಿಸೆಕೆಂಡ್, ಎಲ್ಲ ಸೇರಿ ಹತ್ತರೊಳಗೆ ಇರಬಹುದು, ಬೆರಳಿಗೆ ತಡ ಗೊತ್ತಾಗುವುದಿಲ್ಲ. ಒಂದು ತಿಂಗಳು ಕಾಡಿದ್ದು ಸೆಖೆ. ಏಪ್ರಿಲ್‌ನಲ್ಲಿ ಪೈ 80 ಡಿಗ್ರಿ ಮುಟ್ಟಿದ ಕೂಡಲೇ ವೇಗ ಇಳಿಸುತ್ತದೆ, ಸದ್ದು ಟರ್ರ್ ಅಂತ ಹರಿಯುತ್ತದೆ. ಫ್ಯಾನ್ ಹಾಕಿದರೆ ಅದರ ಸದ್ದು ಫ್ಲೂಟ್ ಒಳಗೇ ಕೇಳುತ್ತದೆ. ಇಡೀ ಅಲ್ಯೂಮಿನಿಯಮ್ ಕೇಸ್ ಹಾಕಿದ ಮೇಲೆ ನಿಂತಿತು. ಕರೆಂಟು ಹೋಗಿ ಎಸ್‌ಡಿ ಕಾರ್ಡ್ ಕೆಡುವ ಕಾಟಕ್ಕೆ ಓವರ್‌ಲೇ (ಕಾರ್ಡ್ ಮೇಲೆ ಏನೂ ಬರೆಯದ ಹಾಗೆ ಮಾಡುವ ಸೆಟ್ಟಿಂಗ್) ಆನ್ ಮಾಡಿಟ್ಟಿದ್ದೇನೆ, ಈಗ ಸ್ವಿಚ್ ಬೋರ್ಡಲ್ಲೇ ಆಫ್ ಮಾಡುತ್ತೇನೆ.

ಮ್ಯಾನ್ಯುಯಲ್‌ಗೆ ಎರಡು ಹಳೇ 61 ಕೀ ಕೀಬೋರ್ಡ್. ಪಿಯಾನೋ ತೂಕದ ಕೀ ಬೇಡವೇ ಬೇಡ, ಒಂದೇ ನೋಟ್ ಮತ್ತೆ ಮತ್ತೆ ಬಂದರೆ ಕೈ ಸೋಲುತ್ತದೆ. ಪೆಡಲ್ 30 ಕೀಯದ್ದು, ಹಲಸಿನ ಮರ, ನಮ್ಮ ಆಚಾರಿಯವರು ಮಾಡಿಕೊಟ್ಟರು. ಮೊದಲು ತಾಮ್ರದ ಪಟ್ಟಿಯ ಕಾಂಟ್ಯಾಕ್ಟ್ ಇಟ್ಟಿದ್ದೆವು. ಒಂದು ಮಳೆಗಾಲಕ್ಕೆ ಹಸಿರು ಹಿಡಿಯಿತು, ಕಡಲ ಗಾಳಿ ನೋಡಿ. ಆಮೇಲೆ ಮ್ಯಾಗ್ನೆಟ್ ಹತ್ತಿರ ಬಂದರೆ ಸೇರಿಕೊಳ್ಳುವ, ಗಾಜಿನೊಳಗೆ ಮುಚ್ಚಿರುವ ರೀಡ್ ಸ್ವಿಚ್, ಪ್ರತಿ ಕೀಯ ತುದಿಗೆ ಒಂದು ಚಿಕ್ಕ ಮ್ಯಾಗ್ನೆಟ್. ಸ್ವಿಚ್ ಒಂದಕ್ಕೆ ಹತ್ತು ರೂಪಾಯಿಯೂ ಬೀಳಲಿಲ್ಲ. ಸ್ವಿಚ್ ಓದಿ ಪೈಗೆ ತಿಳಿಸುವುದಕ್ಕೆ ಪ್ರೊ ಮೈಕ್ರೋ ಅನ್ನುವ ಚಿಕ್ಕ ಬೋರ್ಡ್, ತಂತಿ ಉಳಿಸಲು 4 ಸಾಲು 8 ಕಂಬದ ಮ್ಯಾಟ್ರಿಕ್ಸ್, ಒಂದರ ಸಂಕೇತ ಇನ್ನೊಂದಕ್ಕೆ ಹೋಗದಂತೆ ಸ್ವಿಚ್ಚಿಗೊಂದು ಡಯೋಡ್. ಮ್ಯಾಗ್ನೆಟ್ ಯಾವ ಎತ್ತರಕ್ಕೆ ನಿಲ್ಲಿಸಿದರೆ ಕೀ ಮೂರನೇ ಒಂದು ಭಾಗ ಇಳಿಯುವಷ್ಟರಲ್ಲಿ ಸದ್ದು ಹೊರಡುತ್ತದೆ ಅನ್ನುವುದೇ ಇಡೀ ಕೆಲಸದ ಜೀವ. ಆ ಅಳತೆ, ಸ್ಪ್ರಿಂಗ್ ಪಟ್ಟಿ ಯಾವುದು ಅನ್ನುವುದು, ಇವೆರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನೆಗೆ ಬಂದರೆ ತೋರಿಸುತ್ತೇನೆ.

16 ಅಡಿಯ ಕೆಳಗಿನ ಸಿ ಅಂದರೆ 32.7 ಹರ್ಟ್ಸ್. ಐದಿಂಚಿನ ಮಾನಿಟರ್ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ, ನೀವು ಕೇಳುವುದು ಮೇಲಿನ ಹಾರ್ಮೋನಿಕ್ಸ್ ಮಾತ್ರ. ಹತ್ತಿಂಚಿನ ಸಬ್‌ವೂಫರ್ ಇಟ್ಟೆ. ಡಿ ಮುಟ್ಟಿದಾಗಲೆಲ್ಲ ಕಬ್ಬಿಣದ ಕಪಾಟಿನ ಬಾಗಿಲು ಅದುರುತ್ತಿತ್ತು, ಹಳೇ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿದ ಮೇಲೆ ಸುಮ್ಮನಾಯಿತು. ರಾತ್ರಿ ಹೆಡ್‌ಫೋನ್.

ನಡುವೆ ಇನ್ನೊಂದು ಕೆಲಸಕ್ಕೂ ಕೈ ಹಾಕಿದೆ. ನಮ್ಮ ಅಜ್ಜನ ಕಾಲದ ತುಳಿಯುವ ಹಾರ್ಮೋನಿಯಂ ಇನ್ನೂ ಮನೆಯಲ್ಲಿದೆ. ಅದರ ಒಂದು ಸಾಲು ರೀಡ್ ಅಷ್ಟನ್ನೂ ರೆಕಾರ್ಡ್ ಮಾಡಿ ಗ್ರ್ಯಾಂಡ್‌ಆರ್ಗ್‌ಗೆ ಸ್ಟಾಪ್ ಮಾಡಿದೆ. ಯಾವ ಸ್ಟಾಪ್‌ಗೆ ಯಾವ ಸ್ಯಾಂಪಲ್ ಅಂತ ಹೇಳುವ ಆರ್ಗನ್ ಫೈಲ್ ಬರೀ ಟೆಕ್ಸ್ಟ್, ಅದು ಕಷ್ಟವಲ್ಲ. ಕಷ್ಟ ಲೂಪ್, ಅಂದರೆ ಕೀ ಹಿಡಿದಷ್ಟು ಹೊತ್ತೂ ಸ್ಯಾಂಪಲ್‌ನ ಒಂದು ತುಂಡು ಸುತ್ತುತ್ತಲೇ ಇರುವಂತೆ ಮಾಡುವುದು. ತುಳಿತ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸ್ವರ ತೂಗುತ್ತದೆ, ಲೂಪ್ ಸೇರುವ ಜಾಗದಲ್ಲಿ ಟಕ್ ಅನ್ನುತ್ತದೆ. ಕೊನೆಗೆ ತಂಗಿ ತುಳಿದಳು, ನಾನು ಬರೀ ಕೀ ಒತ್ತಿದೆ, ಆಗ ಸರಿಯಾಯಿತು. ಆ ಸ್ಟಾಪ್ ಮೇಲಿನ ಮ್ಯಾನ್ಯುಯಲ್‌ನಲ್ಲಿ, 16 ಅಡಿಯ ಪೆಡಲ್ ಕೆಳಗೆ. ಈ ಜೋಡಿ ಯಾವ ಮಾಡ್ಯೂಲ್‌ನಲ್ಲೂ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಖರ್ಚು ನೆನಪಿದ್ದಷ್ಟು: ಪೈ, ಕೇಸ್, ಕಾರ್ಡ್ ಸೇರಿ 10 ಸಾವಿರ, ಯುಎಸ್‌ಬಿ ಆಡಿಯೋ 7, ಕೀಬೋರ್ಡ್ ಎರಡಕ್ಕೆ 9, ಪೆಡಲ್ ಮರ ಕೂಲಿ 12, ಚಿಲ್ಲರೆ 2. ಒಟ್ಟು 40 ಸಾವಿರ ಅಂದುಕೊಳ್ಳಿ. ಮಿಕ್ಸರ್, ಸ್ಪೀಕರ್ ಮೊದಲೇ ಇದ್ದವು. ಮಳೆಗಾಲದಲ್ಲಿ ಹಲಸು ಉಬ್ಬಿ ಎರಡು ಮೂರು ಪೆಡಲ್ ಉಜ್ಜುತ್ತವೆ, ಪಕ್ಕಕ್ಕೆ ಮೇಣ ಹಚ್ಚಿದರೆ ಸಾಕು. ಮುಂದಿನ ಕೆಲಸ ಕಾಲಿಂದ ಸದ್ದು ಏರಿಸಿ ಇಳಿಸುವ ಸ್ವೆಲ್ ಪೆಡಲ್. ಪ್ರೊ ಮೈಕ್ರೋದಲ್ಲಿ ಒಂದು ಅನಲಾಗ್ ಪಿನ್ ಅದಕ್ಕೆಂದೇ ಖಾಲಿ ಬಿಟ್ಟಿದ್ದೇನೆ.