ಮ್ಯಾರಥಾನ್ ಓಟಗಾರನ ಸಮಯವನ್ನು ಮುಂಚಿತವಾಗಿ ಅಂದಾಜು ಮಾಡುವುದು ಹೇಗೆ?

ಚಿಕ್ಕಮಗಳೂರಿನ ಜಿಲ್ಲಾ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುವ ಉತ್ತಮ ದೂರದ ಓಟಗಾರನೊಬ್ಬ ಪೂರ್ಣ ಮ್ಯಾರಥಾನ್‌ಗೆ (42.195 ಕಿ.ಮೀ.) ಹೆಸರು ಕೊಟ್ಟ ಕೂಡಲೇ ಕೋಚ್‌ಗೂ ಮನೆಯವರಿಗೂ ಜೊತೆಗಾರರಿಗೂ ಏಳುವ ಪ್ರಶ್ನೆ ಒಂದೇ: ಎಷ್ಟು ಹೊತ್ತಿನಲ್ಲಿ ಮುಗಿಸಬಹುದು? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮೊದಲ ಐದು ಕಿಲೋಮೀಟರನ್ನು ಯಾವ ವೇಗದಲ್ಲಿ ಓಡಬೇಕು ಎಂಬುದು ಈ ಉತ್ತರದಿಂದಲೇ ನಿರ್ಧಾರವಾಗುತ್ತದೆ, ಮತ್ತು ಅಲ್ಲಿ ಪ್ರತಿ ಕಿಲೋಮೀಟರಿಗೆ ಐದು ಸೆಕೆಂಡು ಅತಿಯಾಸೆ ಪಟ್ಟರೂ 30ನೇ ಕಿಲೋಮೀಟರಿನ ನಂತರ ಅದಕ್ಕೆ ನಿಮಿಷಗಳ ಲೆಕ್ಕದಲ್ಲಿ ಬೆಲೆ ತೆರಬೇಕಾಗುತ್ತದೆ. ಒಂದು ನೋಟ್‌ಬುಕ್ ಮತ್ತು ಕ್ಯಾಲ್ಕುಲೇಟರ್ ಇದ್ದರೆ ಈ ಅಂದಾಜನ್ನು ಯಾರು ಬೇಕಾದರೂ ಮಾಡಬಹುದು.

ಮೊದಲು ನಂಬಬಹುದಾದ ಒಂದು ಸಮಯ ಬೇಕು

ಲೆಕ್ಕಕ್ಕೆ ಆಧಾರವಾಗುವ ಸಮಯ ಕಳೆದ ಎರಡು ಮೂರು ತಿಂಗಳೊಳಗಿನದಾಗಿರಬೇಕು, ಸ್ಪರ್ಧೆಯಲ್ಲಿ ಓಡಿದ್ದಾಗಿರಬೇಕು ಮತ್ತು ಸರಿಯಾಗಿ ಅಳತೆ ಮಾಡಿದ ದಾರಿಯದಾಗಿರಬೇಕು. ಅರ್ಧ ಮ್ಯಾರಥಾನ್, ಅಂದರೆ 21.0975 ಕಿ.ಮೀ. ಓಟದ ಸಮಯ ಸಿಕ್ಕರೆ ಅದೇ ಉತ್ತಮ, 10 ಕಿ.ಮೀ. ಸಮಯದಿಂದ ಲೆಕ್ಕ ಹಾಕಿದರೆ ತಪ್ಪಿನ ಅಂತರ ಹೆಚ್ಚುತ್ತದೆ.

ನಮ್ಮ ಜಿಲ್ಲೆಯಲ್ಲಿ ದಾರಿಯ ವಿಷಯಕ್ಕೆ ವಿಶೇಷ ಎಚ್ಚರ ಬೇಕು. ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಸಖರಾಯಪಟ್ಟಣದ ಮೇಲೆ ಕಡೂರಿಗೆ ಹೋಗುವಷ್ಟರಲ್ಲಿ ರಸ್ತೆ ಮುನ್ನೂರು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ದಾಖಲೆಗೆ ಅರ್ಹವಾಗಬೇಕಾದ ದಾರಿಯಲ್ಲಿ ಆರಂಭದಿಂದ ಅಂತ್ಯಕ್ಕೆ ಒಟ್ಟು ಇಳಿತ ಕಿಲೋಮೀಟರಿಗೆ ಒಂದು ಮೀಟರನ್ನು, ಅಂದರೆ ಪೂರ್ಣ ಮ್ಯಾರಥಾನ್‌ನಲ್ಲಿ 42 ಮೀಟರನ್ನು ಮೀರಬಾರದು ಮತ್ತು ಎರಡೂ ತುದಿಗಳ ನಡುವಿನ ನೇರ ಅಂತರ ಓಟದ ದೂರದ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮ. 2011ರಲ್ಲಿ ಬಾಸ್ಟನ್‌ನಲ್ಲಿ ಜೆಫ್ರಿ ಮುತಾಯ್ 2:03:02ರಲ್ಲಿ ಓಡಿದರೂ ಆ ಸಮಯ ವಿಶ್ವದಾಖಲೆಯಾಗದಿದ್ದುದು ಇದೇ ಕಾರಣಕ್ಕೆ. ಅಂದು ಬೆನ್ನ ಹಿಂದಿನ ಗಾಳಿಯೂ ಜೋರಾಗಿತ್ತು. ಆದ್ದರಿಂದ ಕಡೂರಿನ ಕಡೆಗೆ ಇಳಿಯುತ್ತ ಓಡಿದ ಸಮಯವನ್ನಾಗಲಿ, ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರಿದ ಸಮಯವನ್ನಾಗಲಿ ಈ ಲೆಕ್ಕಕ್ಕೆ ತರಬಾರದು. ಅವು ಕಾಲಿನ ಶಕ್ತಿಗೆ ಒಳ್ಳೆಯ ಅಭ್ಯಾಸ, ಅಷ್ಟೇ.

ನಂತರ ಸೂತ್ರ

ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ 1977ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಗುರಿಯ ದೂರವನ್ನು ಗೊತ್ತಿರುವ ದೂರದಿಂದ ಭಾಗಿಸಿ, ಬಂದ ಸಂಖ್ಯೆಯ 1.06ನೇ ಘಾತವನ್ನು ತೆಗೆದು, ಅದರಿಂದ ಗೊತ್ತಿರುವ ಸಮಯವನ್ನು ಗುಣಿಸಬೇಕು. ಅರ್ಧ ಮ್ಯಾರಥಾನ್‌ನಿಂದ ಪೂರ್ಣ ಮ್ಯಾರಥಾನ್‌ಗೆ ಈ ಗುಣಕ 2.085 ಆಗುತ್ತದೆ, 10 ಕಿ.ಮೀ.ನಿಂದಾದರೆ 4.6.

ನಮ್ಮ ಓಟಗಾರನ ಅರ್ಧ ಮ್ಯಾರಥಾನ್ ಸಮಯ 64 ನಿಮಿಷ ಎಂದಿಟ್ಟುಕೊಳ್ಳೋಣ. 64ನ್ನು 2.085ರಿಂದ ಗುಣಿಸಿದರೆ 133.44 ನಿಮಿಷ, ಅಂದರೆ 2:13:26. ಕಿಲೋಮೀಟರಿಗೆ 3 ನಿಮಿಷ 2 ಸೆಕೆಂಡಿನಂತೆ ಓಡಿದವನು ಈಗ 3 ನಿಮಿಷ 10 ಸೆಕೆಂಡಿನ ಆಸುಪಾಸಿನಲ್ಲಿ ಓಡಬೇಕಾಗುತ್ತದೆ. ಈ ಮಟ್ಟ ಎಂಥದ್ದು ಎಂದು ತಿಳಿಯಲು ಒಂದು ಹೋಲಿಕೆ ಸಾಕು: ಬರಿಗಾಲಿನ ಓಟಕ್ಕೆ ಹೆಸರಾದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಓಡಿ ದಶಕಗಳ ಕಾಲ ರಾಷ್ಟ್ರೀಯ ದಾಖಲೆಯಾಗಿ ಉಳಿಸಿದ ಸಮಯ 2:12:00.

ಸೂತ್ರವನ್ನು ಎಷ್ಟು ನಂಬಬೇಕು?

ಇಲ್ಲಿ ಬಹಳ ಮಂದಿ ಲೆಕ್ಕ ಮುಗಿಸಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ ಎಂಬುದು ನನ್ನ ದೃಢ ಅಭಿಪ್ರಾಯ. ಜಗತ್ತಿನ ಶ್ರೇಷ್ಠ ಓಟಗಾರರ ಸಮಯಗಳನ್ನೇ ಈ ಸೂತ್ರಕ್ಕೆ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಕೆಲ್ವಿನ್ ಕಿಪ್ಟಮ್ ಅವರ ಅರ್ಧ ಮ್ಯಾರಥಾನ್‌ನ ಅತ್ಯುತ್ತಮ ಸಮಯ 58:42. ಸೂತ್ರದ ಪ್ರಕಾರ ಅವರು 2:02:23ರಲ್ಲಿ ಓಡಬೇಕಿತ್ತು, ಆದರೆ 2023ರ ಅಕ್ಟೋಬರ್ 8ರಂದು ಶಿಕಾಗೋದಲ್ಲಿ 2:00:35ರಲ್ಲಿ ಓಡಿ ವಿಶ್ವದಾಖಲೆ ಬರೆದರು. 2019ರಲ್ಲಿ 58:01ರ ಅರ್ಧ ಮ್ಯಾರಥಾನ್ ವಿಶ್ವದಾಖಲೆ ಮಾಡಿದ ಜೆಫ್ರಿ ಕಾಮ್‌ವೊರೊರ್‌ಗೆ ಸೂತ್ರ 2:00:58 ಕೊಡುತ್ತದೆ. 2023ರಲ್ಲಿ ಲಂಡನ್‌ನಲ್ಲಿ ಅವರು ಓಡಿದ್ದು 2:04:23. ಎರಿಟ್ರಿಯಾದ ಜೆರ್ಸೆನೆ ಟಡೆಸೆ ಅವರದು ಇನ್ನೂ ದೊಡ್ಡ ಅಂತರ: 58:23ರ ಅರ್ಧ ಮ್ಯಾರಥಾನ್‌ನಿಂದ 2:01:44 ನಿರೀಕ್ಷಿಸಬಹುದಿತ್ತು, ಆದರೆ ಅಧಿಕೃತ ಸ್ಪರ್ಧೆಯಲ್ಲಿ ಅವರ ಅತ್ಯುತ್ತಮ ಸಮಯ 2:08:46.

ಹಾಗಾದರೆ ಗುಣಕ ಕಿಪ್ಟಮ್‌ಗೆ 2.05, ಕಾಮ್‌ವೊರೊರ್‌ಗೆ 2.14, ಟಡೆಸೆಗೆ 2.2. ನಮ್ಮ 64 ನಿಮಿಷದ ಓಟಗಾರನಿಗೆ ಮೊದಲ ಎರಡನ್ನು ಹಚ್ಚಿದರೂ ಉತ್ತರ 2:11:12ರಿಂದ 2:16:58ರವರೆಗೆ ಹರಡುತ್ತದೆ. ಈ ಸುಮಾರು ಆರು ನಿಮಿಷಗಳಲ್ಲಿ ಅವನು ಎಲ್ಲಿ ನಿಲ್ಲುತ್ತಾನೆ ಎಂದು ಹುಡುಕುವುದೇ ಮುಂದಿನ ಹೆಜ್ಜೆಗಳ ಉದ್ದೇಶ. ಮ್ಯಾರಥಾನ್‌ಗೆಂದೇ ತಯಾರಾಗದವರ ವಿಷಯದಲ್ಲಿ ಈ ಲೆಕ್ಕ ಹಾಕಲೇಬಾರದು. ಸ್ಟೀಪಲ್‌ಚೇಸ್ ಓಟಗಾರ ಅವಿನಾಶ್ ಸಾಬ್ಳೆ 2020ರಲ್ಲಿ ದೆಹಲಿಯಲ್ಲಿ ಅರ್ಧ ಮ್ಯಾರಥಾನನ್ನು 1:00:30ರಲ್ಲಿ ಮುಗಿಸಿದರು. ಅದರಿಂದ ಸೂತ್ರ ಹೊರಡಿಸುವ 2:06:08 ಎಂಬ ಸಂಖ್ಯೆಗೆ ಆಧಾರವಾಗಿ ಯಾವ ಮ್ಯಾರಥಾನ್ ಅಭ್ಯಾಸವೂ ಇರಲಿಲ್ಲ.

ಪ್ರಯೋಗಾಲಯದ ಮೂರು ಅಳತೆಗಳು

ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು, ಅದರ ಎಷ್ಟು ಪಾಲನ್ನು ರಕ್ತದಲ್ಲಿ ಲ್ಯಾಕ್ಟೇಟ್ (ಜೋರಾಗಿ ಓಡುವಾಗ ಸ್ನಾಯುಗಳಲ್ಲಿ ಹುಟ್ಟುವ ವಸ್ತು) ಏರದಂತೆ ಬಹಳ ಹೊತ್ತು ಬಳಸಬಲ್ಲದು, ಒಂದು ಕಿಲೋಮೀಟರ್ ಓಡಲು ಎಷ್ಟು ಆಮ್ಲಜನಕ ಖರ್ಚಾಗುತ್ತದೆ: ಈ ಮೂರನ್ನು ಟ್ರೆಡ್‌ಮಿಲ್ ಮೇಲೆ ಅಳೆಯುತ್ತಾರೆ. ಇವೇ ಮೂರನ್ನು ಜೋಡಿಸಿ ಅಮೆರಿಕದ ಶರೀರಶಾಸ್ತ್ರಜ್ಞ ಮೈಕೆಲ್ ಜಾಯ್ನರ್ 1991ರಲ್ಲಿ, ವಿಶ್ವದಾಖಲೆ 2:06:50 ಇದ್ದ ಕಾಲದಲ್ಲಿ, ಮನುಷ್ಯನಿಗೆ 1:57:58 ಸಾಧ್ಯ ಎಂದು ಲೆಕ್ಕ ಹಾಕಿದ್ದರು. ಆದರೂ ಟಡೆಸೆಯ ಉದಾಹರಣೆಯನ್ನು ಮರೆಯಬಾರದು. ಪ್ರಯೋಗಾಲಯದಲ್ಲಿ ಅವರ ಆಮ್ಲಜನಕದ ಖರ್ಚು ಅಸಾಧಾರಣವಾಗಿ ಕಡಿಮೆ, ಕಿಲೋಗ್ರಾಂ ತೂಕಕ್ಕೆ ಕಿಲೋಮೀಟರಿಗೆ ಸುಮಾರು 150 ಮಿಲಿಲೀಟರ್ ಎಂದು ದಾಖಲಾಗಿತ್ತು. ಅದು ಅವರಿಗೆ ಅರ್ಧ ಮ್ಯಾರಥಾನ್ ಗೆಲುವುಗಳನ್ನು ಕೊಟ್ಟಿತು, ಪೂರ್ಣ ಮ್ಯಾರಥಾನ್‌ನಲ್ಲಿ ಅಷ್ಟು ಫಲ ಕೊಡಲಿಲ್ಲ. ಈ ಅಳತೆಗಳನ್ನೆಲ್ಲ ದಣಿಯದ ದೇಹದಲ್ಲಿ ತೆಗೆಯುತ್ತಾರೆ. ಎರಡು ಗಂಟೆ ಓಡಿದ ಮೇಲೆ ಅವು ಎಷ್ಟು ಕುಸಿಯುತ್ತವೆ ಎಂಬುದು ಬೇರೆಯೇ ಪ್ರಶ್ನೆ.

ದಣಿದ ಮೇಲೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಲಾಂಗ್ ರನ್‌ನಲ್ಲಿ ಸಿಗುತ್ತದೆ. ಸ್ಪರ್ಧೆಗೆ ನಾಲ್ಕೈದು ವಾರ ಮುಂಚೆ, ಸಮತಟ್ಟಾದ ಒಂದು ಸುತ್ತಿನ ದಾರಿಯಲ್ಲಿ ಅಥವಾ ಹೋಗಿ ಬರುವ ದಾರಿಯಲ್ಲಿ, 35 ಕಿ.ಮೀ. ಓಡಿಸಬೇಕು. ಮೊದಲ 15 ಕಿ.ಮೀ. ಆರಾಮವಾಗಿ, ಉಳಿದ 20 ಕಿ.ಮೀ. ಅಂದಾಜಿನ ಮ್ಯಾರಥಾನ್ ವೇಗದಲ್ಲಿ. ಬೈಸಿಕಲ್‌ನಲ್ಲಿ ಜೊತೆಗೆ ಹೋಗುವವರು ಪ್ರತಿ ಐದು ಕಿಲೋಮೀಟರಿನ ಸಮಯವನ್ನೂ ಹೃದಯ ಬಡಿತವನ್ನೂ ಬರೆದುಕೊಳ್ಳಬೇಕು.

ನಂತರ ಆ ಪುಟದ ಕೊನೆಯ ಎರಡು ಸಾಲುಗಳನ್ನು ನೋಡಿ. ವೇಗ ಅಂದಾಜಿನಂತೆ ಐದು ಕಿಲೋಮೀಟರಿಗೆ 15:49ರಲ್ಲೇ ನಿಂತು, ಬಡಿತ ನಿಮಿಷಕ್ಕೆ ಮೂರು ನಾಲ್ಕು ಮಾತ್ರ ಏರಿದ್ದರೆ 2.085ರ ಗುಣಕವನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಅದೇ ವೇಗಕ್ಕೆ ಬಡಿತ ಹತ್ತು ಹನ್ನೆರಡು ಏರಿದ್ದರೆ, ಅಥವಾ ಬಡಿತ ಅಷ್ಟೇ ಇದ್ದು ವೇಗ ಇಳಿದಿದ್ದರೆ, 2.12ರ ಕಡೆಗೆ ಸರಿಯುವುದು ವಿವೇಕ. ಪಾದ ನೆಲಕ್ಕೆ ಬೀಳುವ ಸದ್ದು ಕೊನೆಯಲ್ಲಿ ಜೋರಾಗುವುದು, ಭುಜಗಳು ಮೇಲೇಳುವುದು ಇವನ್ನೂ ಬರೆದಿಡಬೇಕು. ಗಡಿಯಾರಕ್ಕೆ ಕಾಣದ್ದು ಕೋಚ್‌ನ ಕಣ್ಣಿಗೆ ಕಾಣುತ್ತದೆ.

ಆಹಾರದ ಲೆಕ್ಕವೂ ಇದರ ಭಾಗವೇ. ಕಿಲೋಗ್ರಾಂ ತೂಕಕ್ಕೆ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿಯಂತೆ, 58 ಕೆ.ಜಿ. ತೂಗುವವನಿಗೆ ಓಟಕ್ಕೆ ಸುಮಾರು 2,450 ಕಿಲೋಕ್ಯಾಲರಿ ಬೇಕು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜೆನ್ ರೂಪದಲ್ಲಿ ಇರುವುದು ಸುಮಾರು 2,000. ಈ ವೇಗದಲ್ಲಿ ದೇಹ ಕೊಬ್ಬನ್ನು ಬೇಕಾದಷ್ಟು ಬೇಗ ಸುಡಲಾರದು. ಆದ್ದರಿಂದ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟನ್ನು ಓಡುತ್ತಲೇ ಕುಡಿದು ಅರಗಿಸಿಕೊಳ್ಳುವ ಅಭ್ಯಾಸ ಇಲ್ಲದ ಓಟಗಾರನಿಗೆ ಒಳ್ಳೆಯ ಗುಣಕವನ್ನು ಕೊಡಬಾರದು.

ಸ್ಪರ್ಧೆಯ ಊರು, ಹವೆ, ಬೂಟು

ನಮ್ಮ ಕಡೆಯ ತಂಪು ಮುಂಜಾವಿನಲ್ಲಿ ತಯಾರಾದವನು ಕರಾವಳಿಯ ಸೆಕೆಯಲ್ಲಿ ಅದೇ ವೇಗವನ್ನು ಕಾಯ್ದುಕೊಳ್ಳುವುದು ಕಷ್ಟ. ಮುಂಬೈ ಮ್ಯಾರಥಾನ್‌ನಲ್ಲಿ 2023ರಲ್ಲಿ ಹೈಲೆ ಲೆಮಿ 2:07:32ರಲ್ಲಿ ಕೂಟ ದಾಖಲೆ ಮಾಡಿದರು. ದುಬೈಯಲ್ಲಿ ಅವರೇ 2016ರಲ್ಲಿ ಓಡಿದ್ದು 2:04:33. ಎಲಿಯುಡ್ ಕಿಪ್‌ಚೊಗೆ 2021ರ ಒಲಿಂಪಿಕ್ಸ್ ಮ್ಯಾರಥಾನನ್ನು ಸಪ್ಪೊರೊದ ಬಿಸಿಲಲ್ಲಿ 2:08:38ರಲ್ಲಿ ಗೆದ್ದು, ಮರುವರ್ಷ ಬರ್ಲಿನ್‌ನಲ್ಲಿ 2:01:09ರಲ್ಲಿ ಓಡಿದರು. ಪದಕದ ಓಟದಲ್ಲಿ ಪೇಸ್‌ಮೇಕರ್‌ಗಳು, ಅಂದರೆ ಮುಂದೆ ಓಡುತ್ತ ವೇಗ ಕಾಯ್ದುಕೊಡುವ ಓಟಗಾರರು, ಇರುವುದಿಲ್ಲ ಎಂಬುದೂ ಈ ಅಂತರದಲ್ಲಿ ಸೇರಿದೆ.

ಹಳೆಯ ಸಮಯಗಳನ್ನು ಹೊಸವುಗಳೊಂದಿಗೆ ಹೋಲಿಸುವಾಗ ಬೂಟಿನ ವಿಷಯ ನೆನಪಿರಲಿ. ಕಾರ್ಬನ್ ಪ್ಲೇಟ್ ಇರುವ ದಪ್ಪ ಅಟ್ಟೆಯ ಬೂಟುಗಳು 2017ರಿಂದ ಮಾರುಕಟ್ಟೆಗೆ ಬಂದು ಶಕ್ತಿಯ ಖರ್ಚನ್ನು ಇಳಿಸಿದವು. ಕಿಪ್‌ಚೊಗೆಯ 59:25ರ ಅರ್ಧ ಮ್ಯಾರಥಾನ್ 2012ರದು. ಅದನ್ನೂ ಬರ್ಲಿನ್‌ನ ಸಮಯವನ್ನೂ ಜೋಡಿಸಿ 2.04ರ ಗುಣಕ ಹೇಳುವುದು ನ್ಯಾಯವಲ್ಲ.

ಕೊನೆಗೆ ಅಂತರ, ಮತ್ತು ಓಟದ ನಡುವಿನ ತಿದ್ದುಪಡಿ

ಇಷ್ಟೆಲ್ಲ ನೋಡಿದ ಮೇಲೆ ಒಂದೇ ಸಂಖ್ಯೆ ಹೇಳದೆ ಮೂರನ್ನು ಬರೆಯಬೇಕು: ಎಲ್ಲವೂ ಕೂಡಿಬಂದರೆ 2:12:00, ಬಹುಮಟ್ಟಿಗೆ 2:13:30, ಹವೆ ಅಥವಾ ಹೊಟ್ಟೆ ಕೈಕೊಟ್ಟರೆ 2:16:30. ಮೊದಲ ಮ್ಯಾರಥಾನ್ ಆಗಿದ್ದರೆ ನಡುವಿನದಕ್ಕೆ ಇನ್ನೊಂದು ನಿಮಿಷ ಸೇರಿಸುವುದು ಒಳ್ಳೆಯದು.

ಓಟದ ದಿನ 30 ಕಿ.ಮೀ. ಗುರುತಿನಲ್ಲಿ ನಿಂತವರು ಅಂದಾಜನ್ನು ತಿದ್ದಬಹುದು. ಯೋಜನೆಯಂತೆ ಓಡಿದ್ದರೆ ಅಲ್ಲಿ ಗಡಿಯಾರ 1:34:54 ತೋರಿಸುತ್ತದೆ. ಮುಂದಿನ ಐದು ಕಿಲೋಮೀಟರಿಗೆ 15:49ರ ಬದಲು 16:20 ಹಿಡಿದರೆ, ಕಳೆದುಕೊಂಡದ್ದು ಬರೀ ಅರ್ಧ ನಿಮಿಷ ಎಂದು ಭಾವಿಸಬಾರದು. ಅಲ್ಲಿ ಇಳಿದ ವೇಗ ಸಾಮಾನ್ಯವಾಗಿ ಮತ್ತೆ ಏರುವುದಿಲ್ಲ. ಉಳಿದ 7.195 ಕಿ.ಮೀ.ಯನ್ನೂ ಅದೇ 3:16ರ ವೇಗದಲ್ಲಿ ಲೆಕ್ಕ ಹಾಕಿದರೆ 23:30 ಆಗುತ್ತದೆ, ಒಟ್ಟು 2:14:44.